ಮುಂದೂಡಿದ ತಪಾಸಣೆ, ಮುಂದೂಡಬಾರದ ಲಕ್ಷಣ

2020ರ ಏಪ್ರಿಲ್ ತಿಂಗಳು. ರಮಝಾನ್‌ಗೆ ಇನ್ನು ಕೆಲವೇ ದಿನ ಉಳಿದಿತ್ತು. ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿತ್ತು. ನನ್ನ ಕ್ಲಿನಿಕ್‌ನ ಷಟರ್ ಅರ್ಧ ಎಳೆದಿರುತ್ತಿತ್ತು. ಬರುವವರಿಗಿಂತ ಫೋನ್ ಮಾಡುವವರೇ ಹೆಚ್ಚು. ಹಾಗೆ ಫೋನ್ ಮಾಡಿದವರಲ್ಲಿ ಪಕ್ಕದ ಹಳ್ಳಿಯ ಒಬ್ಬ ಖಾಲಾ ಇದ್ದರು. ವಯಸ್ಸು 52, ಮುಟ್ಟು ನಿಂತು ನಾಲ್ಕು ವರ್ಷ. "ಡಾಕ್ಟರಮ್ಮಾ, ಬಿಳಿ ಸೆರಗು ಜಾಸ್ತಿಯಾಗಿದೆ, ವಾಸನೆಯೂ ಇದೆ. ಉಪವಾಸ ಬರ್ತಾ ಇದೆ, ಏನಾದ್ರೂ ಔಷಧ ಕಳಿಸಿ" ಎಂದರು. ಯುನಾನಿಯಲ್ಲಿ ಇದಕ್ಕೆ ಸೈಲಾನುರ್ರಹಿಮ್ ಎನ್ನುತ್ತೇವೆ. ಅದಕ್ಕೆ ಕೊಡುವ ಔಷಧವನ್ನು ಕಟ್ಟಿ, ಬೈಕಿನಲ್ಲಿ ಬಂದ ಅವರ ಮಗನ ಕೈಗೆ ಕೊಟ್ಟೆ.

ಸ್ವಲ್ಪ ಕಡಿಮೆಯಾಯಿತು ಎಂದರು. ಜೂನ್‌ನಲ್ಲಿ ಮತ್ತೆ ಫೋನ್ ಬಂತು, ಮತ್ತೆ ಅದೇ ಔಷಧ ಹೋಯಿತು. "ಒಮ್ಮೆ ಬಂದು ತೋರಿಸಿಕೊಳ್ಳಿ" ಎಂದು ನಾನು ಹೇಳಿದ್ದು ನಿಜ. ಆದರೆ ಒತ್ತಾಯಿಸಲಿಲ್ಲ. ಬಸ್ಸಿಲ್ಲ, ಕಾಯಿಲೆಯ ಭಯ ಬೇರೆ, ಬರಲಿ ನಿಧಾನಕ್ಕೆ ಎಂದುಕೊಂಡೆ. ಅವರು ಬಂದದ್ದು 2021ರ ಫೆಬ್ರವರಿಯಲ್ಲಿ. ಪರೀಕ್ಷಿಸಿ ನೋಡಿದರೆ ಗರ್ಭಕೊರಳಿನ ಮೇಲೆ ಹೂಕೋಸಿನಂತಹ ಬೆಳವಣಿಗೆ. ಮುಟ್ಟಿದರೆ ರಕ್ತ. ಅಂದೇ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞೆಯ ಬಳಿಗೆ ಕಳಿಸಿದೆ. ಬಯಾಪ್ಸಿ ವರದಿ ಬಂತು: ಗರ್ಭಕೊರಳಿನ ಕ್ಯಾನ್ಸರ್, ಮೂರನೇ ಹಂತ.

ಮೊದಲ ಫೋನ್‌ನಿಂದ ಆ ವರದಿಯವರೆಗೆ ಹತ್ತು ತಿಂಗಳು. ಅದರಲ್ಲಿ ಲಾಕ್‌ಡೌನ್‌ನ ಪಾಲಿದೆ, ಭಯದ ಪಾಲಿದೆ, ನನ್ನ ಪಾಲೂ ಇದೆ. ಮುಟ್ಟು ನಿಂತ ಹೆಂಗಸಿಗೆ ವಾಸನೆಯ ಸ್ರಾವ ಇದೆಯೆಂದರೆ ಕಣ್ಣಿಂದ ನೋಡದೆ ಔಷಧ ಕೊಡಬಾರದು ಎಂಬುದು ನಾನು ಓದುವಾಗಲೇ ಕಲಿತ ಪಾಠ. ಈ ಲೇಖನ ಬರೆಯಲು ಅದೇ ಕಾರಣ. ಇಂತಹ ಎಷ್ಟು ಖಾಲಾಗಳು, ಆಪಾಗಳು ಕೋವಿಡ್‌ನ ಆ ಎರಡು ವರ್ಷಗಳಲ್ಲಿ ಮನೆಯಲ್ಲೇ ಉಳಿದಿರಬಹುದು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ತಪಾಸಣೆ ಬೇರೆ, ರೋಗ ಪತ್ತೆ ಬೇರೆ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಯಾವ ತೊಂದರೆಯೂ ಇಲ್ಲದ, ಆರೋಗ್ಯವಾಗಿರುವ ಹೆಂಗಸನ್ನು ಪರೀಕ್ಷಿಸಿ, ರೋಗ ಬರುವ ಮುನ್ನವೇ ಅಥವಾ ತೀರ ಆರಂಭದಲ್ಲೇ ಗುರುತಿಸುವುದಕ್ಕೆ ತಪಾಸಣೆ ಅಥವಾ ಸ್ಕ್ರೀನಿಂಗ್ ಎನ್ನುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಇದೇನು ಎಂದು ಹುಡುಕುವುದು ರೋಗ ಪತ್ತೆ. ಎರಡಕ್ಕೂ ಆಸ್ಪತ್ರೆಗೇ ಹೋಗಬೇಕು, ಕೆಲವೊಮ್ಮೆ ಪರೀಕ್ಷೆಯೂ ಒಂದೇ ಆಗಿರುತ್ತದೆ. ಆದರೆ ಕಾಯಬಹುದಾದ ಸಮಯ ಮಾತ್ರ ಒಂದೇ ಅಲ್ಲ.

ಗರ್ಭಕೊರಳಿನ ಕ್ಯಾನ್ಸರ್ ಒಮ್ಮೆಲೇ ಬರುವುದಿಲ್ಲ. ಎಚ್‌ಪಿವಿ ಎಂಬ ವೈರಸ್ ಇದರ ಮೂಲ. ಈ ವೈರಸ್ ಬಹುಪಾಲು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಇದು ನಡತೆಯ ಪ್ರಶ್ನೆಯಲ್ಲ. ವರ್ಷಗಟ್ಟಲೆ ಮೊದಲು ತಗಲಿದ್ದೂ ಒಳಗೆ ಉಳಿದಿರಬಹುದು. ಕೆಲವರಲ್ಲಿ ಮಾತ್ರ ಅದು ಹೋಗದೆ ಉಳಿದು, ಗರ್ಭಕೊರಳಿನ ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತದೆ. ಹಾಗೆ ಕೆಟ್ಟ ಕೋಶ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷ ಬೇಕು. ಅಷ್ಟು ಉದ್ದದ ಅವಧಿಯಲ್ಲಿ ಒಮ್ಮೆ ನೋಡಿದರೂ ಸಾಕು, ಅಲ್ಲೇ ಸುಟ್ಟು ಅಥವಾ ಕತ್ತರಿಸಿ ತೆಗೆದು ಕ್ಯಾನ್ಸರ್ ಬರದಂತೆಯೇ ತಡೆಯಬಹುದು.

ಆದ್ದರಿಂದ ಯಾವ ತೊಂದರೆಯೂ ಇಲ್ಲದ ನೀವು, ಕೋವಿಡ್ ಕಾರಣಕ್ಕೆ ತಪಾಸಣೆಯನ್ನು ಆರು ತಿಂಗಳು ತಡ ಮಾಡಿದ್ದರೆ ಗಾಬರಿಯಾಗಬೇಕಿಲ್ಲ. ಈಗ ಹೋಗಿ ಮಾಡಿಸಿಕೊಂಡರೆ ಆಯಿತು. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡವರು, ಎದೆಯಲ್ಲಿ ಗಂಟು ಸಿಕ್ಕಿದವರು ಆರು ತಿಂಗಳು ಕಾಯುವುದು ಬೇರೆಯೇ ಮಾತು. ಆ ಆರು ತಿಂಗಳಲ್ಲಿ ಕಾಯಿಲೆ ಒಂದು ಹಂತದಿಂದ ಇನ್ನೊಂದಕ್ಕೆ ಹೋಗಬಹುದು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಆದ ದೊಡ್ಡ ತಪ್ಪೆಂದರೆ ಈ ಎರಡನ್ನೂ ಒಂದೇ ಮಾಡಿಕೊಂಡು, "ಎಲ್ಲ ಮುಗಿಯಲಿ, ಆಮೇಲೆ ನೋಡೋಣ" ಎಂದದ್ದು.

ಏನೇನು ನಿಂತುಹೋಯಿತು?

ನಮ್ಮ ದೇಶದಲ್ಲಿ ತಪಾಸಣೆ ಮೊದಲಿನಿಂದಲೂ ಕಡಿಮೆಯೇ. 2016ರಲ್ಲಿ ಕೇಂದ್ರ ಸರ್ಕಾರ ಒಂದು ಕಾರ್ಯಕ್ರಮ ರೂಪಿಸಿತು. 30 ವರ್ಷ ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರರ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆಗಬೇಕು ಎಂಬುದು ಅದರ ಗುರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು, ಒಂದು ನಮೂನೆ ತುಂಬಿಸಿಕೊಂಡು, ಯಾರು ಹೋಗಬೇಕು ಎಂದು ಗುರುತಿಸುವುದು ಮೊದಲ ಹೆಜ್ಜೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಆಗಿದೆ ಎಂದವರು ಶೇ. 1.9 ಮಾತ್ರ. ಸ್ತನ ತಪಾಸಣೆ ಶೇ. 0.9. ಅಂದರೆ ನೂರು ಹೆಂಗಸರಲ್ಲಿ ಒಬ್ಬರೂ ಇಲ್ಲ. ಇತ್ತ 2020ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸ್ತನ ಕ್ಯಾನ್ಸರ್‌ನ ಹೊಸ ಪ್ರಕರಣಗಳು ಸುಮಾರು 1.78 ಲಕ್ಷ, ಗರ್ಭಕೊರಳಿನ ಕ್ಯಾನ್ಸರ್‌ನ ಪ್ರಕರಣಗಳು ಸುಮಾರು 1.24 ಲಕ್ಷ.

ಈ ಸ್ಥಿತಿಯ ಮೇಲೆ ಕೋವಿಡ್ ಬಂದು ಬಿತ್ತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯ ಕೈಗೆ ಜ್ವರದ ಸಮೀಕ್ಷೆ, ಕ್ವಾರಂಟೈನ್ ಪಟ್ಟಿ, ಆಮೇಲೆ ಲಸಿಕೆಯ ಪಟ್ಟಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್‌ಗಳನ್ನು ಗಂಟಲು ದ್ರವ ಸಂಗ್ರಹಕ್ಕೆ, ಕೋವಿಡ್ ಆರೈಕೆ ಕೇಂದ್ರಗಳಿಗೆ ಕಳಿಸಿದರು. ಸಂಘ ಸಂಸ್ಥೆಗಳ ಉಚಿತ ಶಿಬಿರಗಳು, ಜನ ಸೇರಬಾರದು ಎಂಬ ಕಾರಣಕ್ಕೆ ನಿಂತವು. ಬಾಯಿ ತಪಾಸಣೆಯಂತೂ ಕೇಳುವುದೇ ಬೇಡ. ಎಲ್ಲರ ಮುಖಕ್ಕೂ ಮಾಸ್ಕ್. ಬಾಯಿ ತೆರೆಯಿರಿ ಎನ್ನಲು ವೈದ್ಯರಿಗೂ ಭಯ, ತೆರೆಯಲು ರೋಗಿಗೂ ಭಯ.

ಲಕ್ಷಣ ಇದ್ದವರಿಗೂ ದಾರಿ ಸುಗಮವಾಗಿರಲಿಲ್ಲ. ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳು 2020ರ ಮಾರ್ಚ್‌ನಿಂದ ಮೇ ವರೆಗಿನ ಲೆಕ್ಕವನ್ನು ಹಿಂದಿನ ವರ್ಷದ ಅದೇ ತಿಂಗಳುಗಳೊಂದಿಗೆ ಹೋಲಿಸಿ, 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದವು. ಹೊಸ ರೋಗಿಗಳ ನೋಂದಣಿ ಶೇ. 54ರಷ್ಟು ಇಳಿದಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ. 49ರಷ್ಟು ಕಡಿಮೆ. ಹತ್ತರಲ್ಲಿ ಏಳಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಸ್ಕ್ರೀನಿಂಗ್ ಪೂರ್ತಿ ನಿಂತಿತ್ತು ಅಥವಾ ಎಂದಿನ ಕಾಲು ಭಾಗಕ್ಕಿಂತ ಕಡಿಮೆ ನಡೆಯುತ್ತಿತ್ತು.

ಹೊಸ ರೋಗಿಗಳು ಅರ್ಧಕ್ಕಿಂತ ಕಡಿಮೆಯಾದರು ಎಂದರೆ ಕ್ಯಾನ್ಸರ್ ಅರ್ಧ ಕಡಿಮೆಯಾಯಿತು ಎಂದಲ್ಲ. ಆ ಉಳಿದವರು ಎಲ್ಲಿದ್ದರು? ಮನೆಯಲ್ಲಿದ್ದರು. ನಮ್ಮ ಖಾಲಾ ಇದ್ದ ಹಾಗೆ.

ಮನೆಯೊಳಗಿನ ನಿರ್ಬಂಧಗಳು

ಸರ್ಕಾರದ ಆದೇಶ ಹಿಂದಕ್ಕೆ ಪಡೆದ ಮೇಲೂ ಹೆಂಗಸರು ಬರಲಿಲ್ಲ ಏಕೆ? ನನ್ನ ಕ್ಲಿನಿಕ್‌ಗೆ ಬಂದವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆಸ್ಪತ್ರೆಗೆ ಹೋದರೆ ಕೋವಿಡ್ ಟೆಸ್ಟ್ ಮಾಡುತ್ತಾರೆ, ಪಾಸಿಟಿವ್ ಬಂದರೆ ಹಿಡಿದಿಟ್ಟುಕೊಳ್ಳುತ್ತಾರೆ, ಸತ್ತರೆ ಮಯ್ಯತ್ ಕೂಡ ಮನೆಯವರಿಗೆ ಸಿಗುವುದಿಲ್ಲ ಎಂಬ ಭಯ ಮೊದಲನೆಯದು. 2020ರಲ್ಲಿ ಈ ಮಾತು ಎಲ್ಲ ಮೊಹಲ್ಲಾಗಳಲ್ಲೂ ಓಡಾಡಿತು. ಎರಡನೆಯದು ಹಣ. ಗಂಡನ ಗ್ಯಾರೇಜ್ ಮುಚ್ಚಿದೆ, ಮಗನ ಕೂಲಿ ನಿಂತಿದೆ, ಇಂತಹ ಹೊತ್ತಿನಲ್ಲಿ ನನ್ನ ಬಿಳಿ ಸೆರಗಿಗೆ ಯಾರು ಖರ್ಚು ಮಾಡುತ್ತಾರೆ ಎನ್ನುವ ಸಂಕೋಚ. ಮೂರನೆಯದು ಜೊತೆಗೆ ಬರುವವರು. ಕೆಲವು ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಗಂಡನೊಂದಿಗೆ ಹೋದರೆ ಹೇಳಿಕೊಳ್ಳಲು ನಾಚಿಕೆ, ಮಗಳೊಂದಿಗೆ ಹೋದರೆ ಕಾಗದಪತ್ರಕ್ಕೆ ಓಡಾಡುವವರಿಲ್ಲ. ನಾಲ್ಕನೆಯದು ಪ್ರಯಾಣ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರದಿಂದ ಬಸ್ ನಿಂತಿತು. ಅದು ಮುಗಿಯುವಷ್ಟರಲ್ಲಿ ಎರಡನೇ ಅಲೆ ಬಂತು, 27ರಿಂದ ರಾಜ್ಯವೇ ಬಂದ್.

ಐದನೆಯ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ನಮ್ಮ ಮನೆಗಳದ್ದೇ. ಹೈಝ್ ಯಾವುದು, ಇಸ್ತಿಹಾಝಾ ಯಾವುದು, ಅಂದರೆ ಮುಟ್ಟಿನ ರಕ್ತ ಯಾವುದು, ಮುಟ್ಟಲ್ಲದ ರಕ್ತ ಯಾವುದು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ನಮಾಝ್, ಉಪವಾಸ ಎರಡೂ ಅದರ ಮೇಲೆ ನಿಂತಿವೆಯಲ್ಲ! ನಮ್ಮ ಖಾಲಾಗೆ 2020ರ ಜುಲೈಯಲ್ಲೇ ರಕ್ತದ ಕಲೆ ಕಂಡಿತ್ತು. ನನಗೆ ಹೇಳಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬ ಆಲಿಮಾರನ್ನು ಕೇಳಿದರು. ಇದು ಇಸ್ತಿಹಾಝಾ, ವುಝೂ ಮಾಡಿ ನಮಾಝ್ ಮುಂದುವರಿಸಿ ಎಂಬ ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು. ಆದರೆ ಅದು ನಮಾಝ್‌ನ ಪ್ರಶ್ನೆಗೆ ಸಿಕ್ಕ ಉತ್ತರ. ರಕ್ತ ಎಲ್ಲಿಂದ ಬರುತ್ತಿದೆ, ಏಕೆ ಬರುತ್ತಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮಸ್‌ಅಲಾ ಬಗೆಹರಿಯಿತು ಎಂಬ ಸಮಾಧಾನದಲ್ಲಿ ಏಳು ತಿಂಗಳು ಕಳೆಯಿತು.

ಆಲಿಮಾ ಸಹೋದರಿಯರಲ್ಲಿ, ಉಲಮಾಗಳಲ್ಲಿ ನನ್ನದೊಂದು ವಿನಂತಿ. ಮುಟ್ಟು ನಿಂತ ಹೆಂಗಸು ರಕ್ತದ ಬಗ್ಗೆ ಕೇಳಿದಾಗ, ಮಸ್‌ಅಲಾ ಹೇಳಿದ ನಂತರ ಒಂದೇ ಒಂದು ವಾಕ್ಯ ಸೇರಿಸಿ: "ಈ ವಾರವೇ ಲೇಡಿ ಡಾಕ್ಟರ್‌ಗೆ ತೋರಿಸಿ." ನಮ್ಮ ವೈದ್ಯರ ಮಾತಿಗಿಂತ ನಿಮ್ಮ ಮಾತಿಗೆ ಅವರು ಬೇಗ ಎದ್ದು ಹೊರಡುತ್ತಾರೆ.

ತಪಾಸಣೆಯಲ್ಲಿ ಏನು ಮಾಡುತ್ತಾರೆ?

ಗೊತ್ತಿಲ್ಲದ್ದರ ಬಗ್ಗೆ ಭಯ ಹೆಚ್ಚು. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಗರ್ಭಕೊರಳಿಗೆ ಅತಿ ಸರಳವಾದದ್ದು ವಿಐಎ ಪರೀಕ್ಷೆ. ಮಲಗಿಸಿ, ಸ್ಪೆಕ್ಯುಲಂ ಎಂಬ ಸಾಧನದಿಂದ ಗರ್ಭಕೊರಳು ಕಾಣುವಂತೆ ಮಾಡಿ, ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲ ಇರುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ಅಡುಗೆಮನೆಯ ವಿನಿಗರ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಸ್ವಲ್ಪ ಉರಿಯಬಹುದು, ಅಷ್ಟೇ. ಎಲ್ಲ ಸೇರಿ ಐದು-ಹತ್ತು ನಿಮಿಷ. ಫಲಿತಾಂಶ ಅಲ್ಲೇ ತಿಳಿಯುತ್ತದೆ. ಬೆಳ್ಳಗಾಯಿತು ಎಂದಾಕ್ಷಣ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದು ಮಾತ್ರ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ವಿಐಎ ಅಷ್ಟು ನಿಖರವಲ್ಲ. ಅವರಿಗೆ ಕೋಶಗಳನ್ನು ಬ್ರಷ್‌ನಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ ಅಥವಾ ಎಚ್‌ಪಿವಿ ಪರೀಕ್ಷೆ ಮಾಡುತ್ತಾರೆ.

ವಿನಿಗರ್ ಹಚ್ಚಿ ನೋಡುವುದೂ ಒಂದು ಪರೀಕ್ಷೆಯೇ ಎಂದು ಹಗುರ ಮಾಡಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಅಧ್ಯಯನ ಆರಂಭಿಸಿದರು. ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದಾದ ಸಾವು ಶೇ. 31ರಷ್ಟು ಕಡಿಮೆಯಿತ್ತು. ಅದೇ ಅಧ್ಯಯನದ ಸ್ತನ ತಪಾಸಣೆಯ ಫಲಿತಾಂಶ 2021ರಲ್ಲಿ ಹೊರಬಂತು. ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿದ್ದರಿಂದಲೇ, 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ದೊಡ್ಡ ಯಂತ್ರ ಇರಲಿಲ್ಲ, ಮ್ಯಾಮೊಗ್ರಫಿಯೂ ಇರಲಿಲ್ಲ. ಇದ್ದದ್ದು ಕಣ್ಣು, ಕೈ, ಮತ್ತು ತಪ್ಪದೆ ಬರುವ ಕ್ರಮ. ಕೋವಿಡ್ ಮುರಿದದ್ದು ಆ ಕ್ರಮವನ್ನೇ.

ಸ್ತನ ತಪಾಸಣೆಯೂ ಹೀಗೆಯೇ. ನರ್ಸ್ ಅಥವಾ ವೈದ್ಯೆ ಎರಡೂ ಸ್ತನ ಮತ್ತು ಕಂಕುಳನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಅನುಮಾನ ಬಂದರೆ ಮಾತ್ರ ಮ್ಯಾಮೊಗ್ರಾಮ್ ಅಥವಾ ಸ್ಕ್ಯಾನ್. ಬಾಯಿ ತಪಾಸಣೆಗೆ ಒಂದು ಟಾರ್ಚ್ ಸಾಕು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು, ಗುಟ್ಕಾ ಹಾಕುವ ಅಭ್ಯಾಸ ನಮ್ಮ ಹಿರಿಯ ಹೆಂಗಸರಲ್ಲಿ ಕಡಿಮೆಯಿಲ್ಲ. ಅವರು ಇದನ್ನು ತಪ್ಪಿಸಲೇಬಾರದು.

ಪರೀಕ್ಷೆ ಮಾಡುವವರು ಹೆಂಗಸರೇ ಇರಬೇಕು ಎಂದು ಕೇಳುವುದು ತಪ್ಪಲ್ಲ. ಹೆಚ್ಚಿನ ಕಡೆ ನರ್ಸ್‌ಗಳೇ ಈ ತಪಾಸಣೆ ಮಾಡುವುದು. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ, ಲೇಡಿ ಡಾಕ್ಟರ್ ಅಥವಾ ನರ್ಸ್ ಇರುವ ದಿನ ತಿಳಿದುಕೊಂಡು ಹೋಗಿ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಒಂದು ಚಾದರ ಜೊತೆಗಿದ್ದರೆ ನಿಮಗೂ ನೆಮ್ಮದಿ.

ಈ ಲಕ್ಷಣಗಳಿದ್ದರೆ ಕಾಯಬೇಡಿ

ಕೆಳಗಿನವುಗಳಲ್ಲಿ ಒಂದಿದ್ದರೂ ನಿಮಗೆ ಬೇಕಾದದ್ದು ಸ್ಕ್ರೀನಿಂಗ್ ಅಲ್ಲ, ವೈದ್ಯರು. ಶಿಬಿರಕ್ಕಾಗಿ ಕಾಯಬೇಡಿ, ಹಬ್ಬಕ್ಕಾಗಿ ಕಾಯಬೇಡಿ, ಇನ್ನೊಂದು ಅಲೆ ಬಂದರೂ ಕಾಯಬೇಡಿ.

• ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ರಕ್ತ. ಒಂದೇ ಹನಿ, ಒಂದೇ ಸಲವಾದರೂ ಸರಿ.
• ದಾಂಪತ್ಯ ಸಂಪರ್ಕದ ನಂತರ ರಕ್ತ, ಅಥವಾ ಎರಡು ಮುಟ್ಟಿನ ನಡುವೆ ರಕ್ತ.
• ವಾಸನೆಯ, ನೀರಿನಂತಹ ಅಥವಾ ರಕ್ತ ಬೆರೆತ ಸ್ರಾವ.
• ಸ್ತನದಲ್ಲಿ ಗಂಟು. ನೋವಿಲ್ಲ ಎಂಬ ಸಮಾಧಾನ ಬೇಡ, ಕ್ಯಾನ್ಸರ್ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ.
• ಸ್ತನದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿ ಬೀಳುವುದು, ತೊಟ್ಟು ಹೊಸದಾಗಿ ಒಳಕ್ಕೆ ಸೇರುವುದು, ತೊಟ್ಟಿನಿಂದ ರಕ್ತ.
• ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು.

ಇನ್ನೊಂದು ವಿಷಯ. ಕೋವಿಡ್ ಲಸಿಕೆ ಹಾಕಿಸಿಕೊಂಡ ಕೈಯ ಕಂಕುಳಲ್ಲಿ ಕೆಲವರಿಗೆ ಸಣ್ಣ ಗಂಟು ಬರುತ್ತದೆ. ಅದು ದೇಹ ಲಸಿಕೆಗೆ ಸ್ಪಂದಿಸುವ ರೀತಿ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಇದಕ್ಕೆ ಹೆದರಿ ಲಸಿಕೆ ಬಿಡಬೇಡಿ. ಆದರೆ ಆರು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಜೊತೆಗೆ ಸ್ತನದಲ್ಲೂ ಗಂಟಿದ್ದರೆ, ಲಸಿಕೆಯದ್ದೇ ಇರಬೇಕು ಎಂದು ಬಿಟ್ಟುಬಿಡಬೇಡಿ. ಮ್ಯಾಮೊಗ್ರಾಮ್ ಮಾಡಿಸುವಾಗ ಲಸಿಕೆ ಪಡೆದ ದಿನಾಂಕ, ಯಾವ ಕೈಗೆ ಎಂಬುದನ್ನು ತಪ್ಪದೆ ಹೇಳಿ.

ಯುನಾನಿಯಲ್ಲಿ ಇದಕ್ಕೆ ಔಷಧ ಇಲ್ಲವೇ?

ಈ ಪ್ರಶ್ನೆಯನ್ನು ನನಗೆ ವಾರಕ್ಕೊಬ್ಬರಾದರೂ ಕೇಳುತ್ತಾರೆ. ನಾನು ಓದಿದ್ದು ಯುನಾನಿ, ನನ್ನ ಅನ್ನವೂ ಅದೇ. ಆದ್ದರಿಂದ ನೇರವಾಗಿ ಹೇಳುವ ಜವಾಬ್ದಾರಿಯೂ ನನ್ನದೇ.

ನಮ್ಮ ಗ್ರಂಥಗಳಲ್ಲಿ ಕ್ಯಾನ್ಸರ್‌ಗೆ ಸರತಾನ್ ಎಂಬ ಹೆಸರಿದೆ. ಅರಬಿಯಲ್ಲಿ ಏಡಿ ಎಂದರ್ಥ. ಕನ್ನಡದಲ್ಲೂ ಹಿಂದೆ ಏಡಿಗಂತಿ ಎನ್ನುತ್ತಿದ್ದರು. ಸಾವಿರ ವರ್ಷದ ಹಿಂದೆ ಸ್ಪೇನಿನ ಕುರ್ತುಬಾದಲ್ಲಿದ್ದ ಅಬುಲ್ ಕಾಸಿಂ ಅಲ್ ಝಹ್ರಾವಿ ದೊಡ್ಡ ಶಸ್ತ್ರವೈದ್ಯರು. ಗಂಟು ಚಿಕ್ಕದಾಗಿದ್ದು, ಸ್ತನದಂತಹ ಕೈಗೆ ಸಿಗುವ ಜಾಗದಲ್ಲಿದ್ದರೆ ಆರಂಭದಲ್ಲೇ ಪೂರ್ತಿ ತೆಗೆದುಬಿಡಬೇಕು, ಹಳೆಯದಾಗಿ ದೊಡ್ಡದಾಗಿದ್ದರೆ ಅದರ ಹತ್ತಿರ ಹೋಗಬಾರದು ಎಂದು ಅವರು ಬರೆದಿದ್ದಾರೆ. ಬೆಳೆದುಹೋದ ಒಂದನ್ನೂ ತಾನು ಗುಣಪಡಿಸಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ನಮ್ಮ ವೈದ್ಯಪದ್ಧತಿಯ ಹಿರಿಯರೇ ಬೇಗ ಬನ್ನಿ ಎಂದು ಹೇಳಿರುವಾಗ, ಅದೇ ಪದ್ಧತಿಯ ಹೆಸರಿನಲ್ಲಿ ತಡ ಮಾಡುವುದು ಸರಿಯೇ?

ಅಂದು ದೊಡ್ಡ ಗಂಟಿಗೆ ದಾರಿ ಇರಲಿಲ್ಲ. ಇಂದು ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋಥೆರಪಿ ಇವೆ. ಗಂಟಿಗೆ ಮಅ್‌ಜೂನ್ ತಿನ್ನುತ್ತಾ, ಲೇಪ ಹಚ್ಚುತ್ತಾ, ಹಿಜಾಮಾ ಮಾಡಿಸುತ್ತಾ, ಜಿಗಣೆ ಬಿಡಿಸುತ್ತಾ ತಿಂಗಳು ಕಳೆಯಬೇಡಿ. ಹಸಿವೆ, ನಿದ್ದೆ, ನಿಶ್ಶಕ್ತಿಗೆ ನಮ್ಮಿಂದ ಆಗುವ ಸಹಾಯವನ್ನು ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ಪಡೆಯಿರಿ. ಖಾಲಾ ಘಟನೆಯ ನಂತರ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. 30 ದಾಟಿದ ಯಾರಿಗೂ ಬಿಳಿ ಸೆರಗಿಗೆ ಫೋನ್‌ನಲ್ಲಿ ಔಷಧ ಕೊಡುವುದಿಲ್ಲ. ನೋಡಿದ ಮೇಲೆಯೇ ಔಷಧ. ನಿಮ್ಮ ಹಕೀಮರು, ವೈದ್ಯರು ಯಾರೇ ಆಗಿರಲಿ, ನೋಡದೆ ಎರಡನೇ ಸಲ ಅದೇ ಔಷಧ ಕೊಟ್ಟರೆ ಕೇಳಿ: "ಪರೀಕ್ಷೆ ಬೇಡವೇ?"

ಈಗ ಏನು ಮಾಡಬೇಕು?

2022ರ ಜನವರಿಯಲ್ಲಿ ಮೂರನೇ ಅಲೆಯ ವಾರಾಂತ್ಯದ ಕರ್ಫ್ಯೂ ಬಂದು ಹೋಯಿತು. ಈಗ ಬಸ್ಸುಗಳಿವೆ, ಹೊರರೋಗಿ ವಿಭಾಗಗಳು ತೆರೆದಿವೆ. ಪ್ರತಿ ವರ್ಷ ರಮಝಾನ್ ಬರುತ್ತದೆ. ಉಪವಾಸದಲ್ಲಿ ಒಳಪರೀಕ್ಷೆಗೆ ಬಹಳ ಸಹೋದರಿಯರು ಹಿಂಜರಿಯುತ್ತಾರೆ. ಆಮೇಲೆ ಈದ್, ಆಮೇಲೆ ಮದುವೆಗಳು, ಹೀಗೆ ಮತ್ತೆ ಅರ್ಧ ವರ್ಷ ಹೋಗುತ್ತದೆ. ಆದ್ದರಿಂದ ರಮಝಾನ್‌ಗೆ ಮೊದಲೇ ಮುಗಿಸಿಕೊಳ್ಳಿ.

ನಿಮಗೆ 30 ದಾಟಿದ್ದು, ಐದು ವರ್ಷದಿಂದ ತಪಾಸಣೆ ಆಗಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಎಲ್ಲಿ, ಯಾವಾಗ ಎಂದು ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ಹಿಂದೆ ಪರೀಕ್ಷೆಯಲ್ಲಿ ಅನುಮಾನ ಕಂಡು, "ಮತ್ತೆ ಬನ್ನಿ" ಎಂದು ಹೇಳಿದ್ದು ಕೋವಿಡ್‌ನಲ್ಲಿ ತಪ್ಪಿಹೋಗಿದ್ದರೆ, ಹಳೆಯ ಚೀಟಿ ಹುಡುಕಿ ಎಲ್ಲರಿಗಿಂತ ಮೊದಲು ನೀವು ಹೋಗಬೇಕು. ರೋಗ ಪತ್ತೆಯಾದರೆ ಹಣದ ಭಯಕ್ಕೆ ಮನೆಗೆ ಹಿಂದಿರುಗಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಎಪಿಎಲ್ ಕಾರ್ಡಿನವರಿಗೂ ಭಾಗಶಃ ನೆರವಿದೆ. ಆಧಾರ್, ರೇಷನ್ ಕಾರ್ಡ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಟ್ಟುಕೊಳ್ಳಿ.

ನಮ್ಮ ಜಮಾಅತ್‌ಗಳಿಗೂ ಒಂದು ಮಾತು. ಎರಡನೇ ಅಲೆಯಲ್ಲಿ ನೀವು ಆಕ್ಸಿಜನ್ ಸಿಲಿಂಡರ್ ಹೊತ್ತು ಓಡಾಡಿದ್ದನ್ನು, ಯಾರದೆಂದು ನೋಡದೆ ಹೆಣಗಳಿಗೆ ಹೆಗಲು ಕೊಟ್ಟದ್ದನ್ನು ಊರು ಕಂಡಿದೆ. ಅದೇ ಹುರುಪಿನಿಂದ ಮದ್ರಸದ ಒಂದು ಕೋಣೆಯನ್ನು ಒಂದು ದಿನ ಹೆಂಗಸರ ತಪಾಸಣೆಗೆ ಬಿಟ್ಟುಕೊಡಿ. ತಾಲ್ಲೂಕು ಆರೋಗ್ಯಾಧಿಕಾರಿಯವರನ್ನು ಕೇಳಿ ನರ್ಸ್‌ಗಳನ್ನು ಕರೆಸಿ. ಒಂದು ಮಂಚ, ಪರದೆ, ಒಳ್ಳೆಯ ದೀಪ, ಕೈತೊಳೆಯಲು ನೀರು, ಇಷ್ಟಿದ್ದರೆ ಸಾಕು.

ಖಾಲಾ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ಪಡೆದರು. ಚಿಕಿತ್ಸೆ ಮುಗಿದದ್ದು 2021ರಲ್ಲಿ ಈದ್ ಕಳೆದ ನಾಲ್ಕನೇ ದಿನ, ಮತ್ತೊಂದು ಲಾಕ್‌ಡೌನ್ ನಡುವೆ. ಮಗ ಬಾಡಿಗೆ ಕಾರಿನಲ್ಲಿ, ದಾರಿಯುದ್ದಕ್ಕೂ ಪೊಲೀಸರಿಗೆ ಆಸ್ಪತ್ರೆಯ ಪತ್ರ ತೋರಿಸುತ್ತಾ ಮನೆಗೆ ಕರೆತಂದರು. ಈಗ ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಮುಂದೆ ಹೇಗೋ, ವೈದ್ಯರೂ ಖಚಿತವಾಗಿ ಹೇಳುವುದಿಲ್ಲ. ಮೂರನೇ ಹಂತದಲ್ಲಿ ಹೋದವರ ಪಾಡು ಅದು.

ಕಳೆದ ತಿಂಗಳು ಅವರು ನನ್ನ ಕ್ಲಿನಿಕ್‌ಗೆ ಬಂದಿದ್ದರು. ತಮಗಾಗಿ ಅಲ್ಲ. ಮೂವತ್ತೆರಡು ವರ್ಷದ ಸೊಸೆಯನ್ನೂ, ನಲವತ್ತರ ತಂಗಿಯನ್ನೂ ಕರೆದುಕೊಂಡು ಬಂದಿದ್ದರು. "ಇವರಿಗೆ ಏನೂ ಆಗಿಲ್ಲ ಡಾಕ್ಟರಮ್ಮಾ. ಅದಕ್ಕೇ ಕರ್ಕೊಂಡು ಬಂದೆ" ಎಂದರು. ಇಬ್ಬರನ್ನೂ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ, ವಿಐಎ ಆಯಿತು. ಇಬ್ಬರದೂ ನೆಗೆಟಿವ್. ಅಲ್‌ಹಮ್ದುಲಿಲ್ಲಾಹ್. ಇನ್ನು ಐದು ವರ್ಷ ಬಿಟ್ಟು ಬಂದರೆ ಸಾಕು, ನಡುವೆ ಏನಾದರೂ ಕಂಡರೆ ಅಂದೇ ಬರಬೇಕು ಎಂದು ಹೇಳಿ ಕಳಿಸಿದೆ.